ಸೊಸೆಯ ವೀಸಾ ಮುಗಿಯುತ್ತಿದೆ, ಏನು ಮಾಡಲಿ?

ಇಳಕಲ್‌ನ ತಾಯಿಯವರಿಗೆ,

ಫ್ರಾನ್ಸ್‌ನ ಸೊಸೆಯ ಎಂಟ್ರಿ ವೀಸಾ ವಿಸ್ತರಣೆಗೆ ಏಜೆಂಟರಿಗೆ ದುಡ್ಡು ಕೊಡಬೇಡಿ, ಈಗಲೇ ಬೆಂಗಳೂರಿಗೆ ಓಡಲೂಬೇಡಿ. 2018ರಿಂದ ಇ-ಎಫ್‌ಆರ್‌ಆರ್‌ಒ ಎಂಬ ವಿದೇಶಿಯರ ನೋಂದಣಿ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಕಚೇರಿಯವರು ಕರೆದರೆ ಮಾತ್ರ ಹೋದರಾಯಿತು. ವೀಸಾ ಮುಗಿಯುವ ಮೊದಲೇ ಅರ್ಜಿ ಸೇರಬೇಕು. ಗಡುವು ದಾಟಿದರೆ ದಂಡ ಬೀಳುತ್ತದೆ, ಕೆಲಸವೂ ಜಟಿಲವಾಗುತ್ತದೆ.

ನನಗೆ ಹೆಚ್ಚು ಚಿಂತೆ ಕಾಗದಗಳದ್ದು. ವಿಳಾಸಕ್ಕೆ ತೋರಿಸುವ ಹೆಸ್ಕಾಂ ವಿದ್ಯುತ್ ಬಿಲ್ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲಿದೆ ಎಂದಿದ್ದೀರಿ. ನಮ್ಮ ಕಡೆ ಬಹಳ ಮನೆಗಳ ಸ್ಥಿತಿ ಇದೇ. ಮಗನ ಹೆಸರಿಗೆ ವಿಳಾಸದ ದಾಖಲೆಯನ್ನು ಈ ವಾರವೇ ಸರಿಮಾಡಿಸಿ. ಮದುವೆ ನೋಂದಣಿ ಪತ್ರವನ್ನೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಹೆಸರಿನಲ್ಲಿ ಒಂದಕ್ಷರ ಬೇರೆಯಾದರೂ ಹುನಗುಂದದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ತಿದ್ದಿಸಿಕೊಳ್ಳುವುದೇ ಮೇಲು.

ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಾಧಿಕಾರಿ ಎಸ್ಪಿಯವರೇ. ಹಾಗಾಗಿ ಗೊಂದಲವಿದ್ದರೆ ಬಾಗಲಕೋಟೆ ನವನಗರದ ಎಸ್ಪಿ ಕಚೇರಿಯಲ್ಲಿ ಕೇಳಿ. ಪೊಲೀಸರು ವಿಚಾರಣೆಗೆ ಮನೆಗೆ ಬಂದರೆ ಸೊಸೆ ಹೆದರಬೇಕಿಲ್ಲ. ನೀವು ಪಕ್ಕದಲ್ಲಿರಿ, ಉತ್ತರ ಮಾತ್ರ ಅವಳೇ ಕೊಡಲಿ.

ಅವಳ ತಂದೆತಾಯಿ ಬಂದು ನಿಮ್ಮಲ್ಲೇ ಉಳಿದರೆ 24 ಗಂಟೆಯೊಳಗೆ ವಿದೇಶಿ ಅತಿಥಿಗಳ ಮಾಹಿತಿಯ ಫಾರ್ಮ್ ತುಂಬಬೇಕಾದವರು ನೀವು. ಬಾದಾಮಿಯ ಲಾಡ್ಜಿನಲ್ಲಿ ತಂಗಿದರೆ ಆ ಹೊಣೆ ಲಾಡ್ಜಿನವರದು. ಬೀಗರು ಇ-ಟೂರಿಸ್ಟ್ ವೀಸಾದಲ್ಲಿ ಬಂದರೆ ಇಲ್ಲಿ ಅವಧಿ ವಿಸ್ತರಿಸಿಕೊಳ್ಳಲು ಬರುವುದಿಲ್ಲ, ವಾಪಸಿನ ಟಿಕೆಟ್ ಆ ಲೆಕ್ಕದಲ್ಲೇ ಮಾಡಿಸಲಿ.

ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಸೊಸೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಸಿಕ್ಕರೆ ಈ ವಿಸ್ತರಣೆಯ ಓಡಾಟ ಇರುವುದಿಲ್ಲ.