ಊರಿನ ಅಂಗನವಾಡಿಗೆ ಊರಿನ ನೆರವು

ಮಕ್ಕಳೇ ನಾಡಿನ ಸಂಪತ್ತು ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ನಾವೆಲ್ಲರೂ ಕೇಳುತ್ತೇವೆ. ಆದರೆ ಆ ಸಂಪತ್ತನ್ನು ಕಾಪಾಡಲು ಎಷ್ಟು ಹಣ ಬೇಕು, ಅದು ಎಲ್ಲಿಂದ ಬರುತ್ತದೆ, ಅದರಲ್ಲಿ ನಮ್ಮ ಊರಿನ ಪಾಲೇನು ಎಂದು ವಿಚಾರಿಸುವವರು ವಿರಳ. ಗ್ರಾಮ ಪಂಚಾಯಿತಿಯ ಸದಸ್ಯರು, ಮಹಿಳಾ ಸಂಘದವರು, ಯುವಕ ಮಂಡಲದವರು, ಹಾಗೂ ಪಟ್ಟಣ ಸೇರಿ ಅನುಕೂಲಸ್ಥರಾಗಿ ಹುಟ್ಟೂರಿಗೆ ಏನಾದರೂ ಮಾಡಬೇಕೆಂದು ಬಯಸುವ ದಾನಿಗಳು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಅಂಗಳದಲ್ಲಿ ಆರಂಭವಾದ ಶಾಲೆ

1945ರಲ್ಲಿ ತಾರಾಬಾಯಿ ಮೋಡಕ್ ಅವರು ಮುಂಬಯಿಯ ಉತ್ತರಕ್ಕಿರುವ ಕರಾವಳಿಯ ಬೋರ್ಡಿ ಗ್ರಾಮದಲ್ಲಿ ಬಾಲವಾಡಿಯೊಂದನ್ನು ಆರಂಭಿಸಿದರು. ಅನುತಾಯಿ ವಾಘ್ ಅವರು ಅವರ ಸಹಕಾರಿಯಾಗಿದ್ದರು. ಕಡುಬಡವರ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ, ಬಾಲವಾಡಿಯನ್ನೇ ಆ ಮಕ್ಕಳ ಅಂಗಳಕ್ಕೆ ಕೊಂಡೊಯ್ದರು. ಎಲೆ, ಬೀಜ, ಕಲ್ಲು, ಕಪ್ಪೆಚಿಪ್ಪುಗಳೇ ಪಾಠದ ಸಾಮಗ್ರಿಗಳಾದವು. ಅಂಗನವಾಡಿ ಎಂಬ ಹೆಸರಿನ ಹಿಂದಿರುವುದು ಈ ಅಂಗಳವೇ.

1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕಳುಹಿಸುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ ಎಂಬ ಆರು ಸೇವೆಗಳನ್ನು ಒಂದೇ ಸೂರಿನಡಿ ನೀಡುವುದು ಇದರ ಉದ್ದೇಶ. ಹಸಿದ ಮಗು ಕಲಿಯಲಾರದು. ಮತ್ತೆ ಮತ್ತೆ ಕಾಯಿಲೆ ಬೀಳುವ ಮಗುವಿಗೆ ಉಂಡ ಅನ್ನ ಮೈಗೆ ಹತ್ತದು. ಆದುದರಿಂದ ಈ ಆರನ್ನೂ ಬೇರೆ ಬೇರೆ ಮಾಡುವಂತಿಲ್ಲ.

2. ಹಣದ ಲೆಕ್ಕ

ಆರು ತಿಂಗಳಿಂದ ಆರು ವರ್ಷದೊಳಗಿನ ಮಗುವಿಗೆ ದಿನಕ್ಕೆ 500 ಕ್ಯಾಲೊರಿ ಶಕ್ತಿಯನ್ನೂ 12ರಿಂದ 15 ಗ್ರಾಂ ಪ್ರೋಟೀನನ್ನೂ ಒದಗಿಸುವ ಪೂರಕ ಆಹಾರವನ್ನು ವರ್ಷಕ್ಕೆ 300 ದಿನ ಕೊಡಬೇಕೆಂಬುದು 2017ರಲ್ಲಿದ್ದ ನಿಯಮ. ಈ ಹಕ್ಕಿಗೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಬಲವಿದೆ. 2017ರಲ್ಲಿ ಇದಕ್ಕೆ ಗೊತ್ತುಪಡಿಸಿದ ದರ ಮಗುವೊಂದಕ್ಕೆ ದಿನಕ್ಕೆ 8 ರೂಪಾಯಿ. ತೀವ್ರ ಅಪೌಷ್ಟಿಕತೆಯ ಮಗುವಿಗೆ 12 ರೂಪಾಯಿ. ಈ ದರದಂತೆ ಒಂದು ಮಗುವಿಗೆ ವರ್ಷಕ್ಕೆ 2,400 ರೂಪಾಯಿ. ಮೂವತ್ತು ಮಕ್ಕಳಿರುವ ಕೇಂದ್ರಕ್ಕೆ 72,000 ರೂಪಾಯಿ. ಆಹಾರದ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸಮಪಾಲಾಗಿ ಭರಿಸುತ್ತವೆ. ಇದಲ್ಲದೆ ಕರ್ನಾಟಕವು 2013ರಲ್ಲಿ ಕ್ಷೀರಭಾಗ್ಯ, 2017ರಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಗಳನ್ನು ಜಾರಿಗೆ ತಂದಿತು.

ಇಲ್ಲಿ ವಾಚಕರು ಒಂದು ಮಾತನ್ನು ಗಮನಿಸಬೇಕು. ಊಟದ ಹಣ ಸರ್ಕಾರದ ಹೊಣೆ. ಅದನ್ನು ದಾನದಿಂದ ತುಂಬಿಸುವ ಅಗತ್ಯವಿಲ್ಲ. ಅದು ಸಕಾಲಕ್ಕೆ ಬಾರದಿದ್ದರೆ ಕೇಳಿ ಪಡೆಯುವುದು ಊರಿನ ಹಕ್ಕು. ಹಾಗಾದರೆ ಊರಿನ ಹಣಕ್ಕೆ ಕೆಲಸವೆಲ್ಲಿ? ಸರ್ಕಾರದ ಸೌಲಭ್ಯಕ್ಕೂ ಮಗುವಿಗೂ ನಡುವೆ ಉಳಿದುಬಿಡುವ ಅಂತರದಲ್ಲಿ.

3. ಒಂದು ಪ್ರಸಂಗ

ನಾನು ವೈದ್ಯಾಧಿಕಾರಿಯಾಗಿರುವ ಕೇಂದ್ರದ ವ್ಯಾಪ್ತಿಯ ಹಳ್ಳಿಯೊಂದರಲ್ಲಿ ದಾನಿಯೊಬ್ಬರು ಅಂಗನವಾಡಿಗೆ 20,000 ರೂಪಾಯಿ ನೀಡಿದರು. ಆ ಹಣದಿಂದ ಗೋಡೆಗೆ ಬಣ್ಣ ಬಳಿಸಿ, ಬಾಗಿಲಿಗೆ ಕಮಾನು ಕಟ್ಟಿಸಿ, ದಾನಿಯ ಹೆಸರಿನ ಕಲ್ಲು ಹಾಕಲಾಯಿತು. ಉದ್ಘಾಟನೆಗೆ ನಾನೂ ಹೋಗಿ ನಾಲ್ಕು ಮಾತು ಆಡಿ ಬಂದೆ.

ಅದೇ ತಿಂಗಳು ಕಬ್ಬು ಕಡಿಯಲು ಬಂದು ಊರಾಚೆ ಗುಡಿಸಲು ಹಾಕಿಕೊಂಡಿದ್ದ ಕುಟುಂಬದ ಹೆಣ್ಣುಮಗುವೊಂದನ್ನು ಆಶಾ ಕಾರ್ಯಕರ್ತೆ ನಮ್ಮಲ್ಲಿಗೆ ಕರೆತಂದರು. ವಯಸ್ಸು ಹದಿನಾಲ್ಕು ತಿಂಗಳು; ತೂಕ 6 ಕಿಲೊ; ರಟ್ಟೆಯ ಸುತ್ತಳತೆ 11 ಸೆಂಟಿಮೀಟರ್. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ರಟ್ಟೆ 11.5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಅದು ತೀವ್ರ ಅಪೌಷ್ಟಿಕತೆ. ಮಗುವಿನ ಜೀವಕ್ಕೇ ಅಪಾಯ. ಕಮಾನು ಕಟ್ಟಿದ ಆ ಅಂಗನವಾಡಿ ಗುಡಿಸಲುಗಳಿಂದ ಒಂದು ಮೈಲಿ ದೂರವಿತ್ತು. ಮಗುವಿನ ಹೆಸರು ಅಲ್ಲಿನ ಪುಸ್ತಕದಲ್ಲಿರಲಿಲ್ಲ. ತಂದೆತಾಯಿ ಗದ್ದೆಗೆ ಹೋದಾಗ ಅದನ್ನು ಎತ್ತಿಕೊಂಡಿರುತ್ತಿದ್ದವಳು ಎಂಟು ವರ್ಷದ ಅಕ್ಕ. ಅವಳ ಶಾಲೆ ನಿಂತು ಎರಡು ತಿಂಗಳಾಗಿತ್ತು.

ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕೆಂದು ಹೇಳಿದಾಗ ತಾಯಿ ಒಪ್ಪಲಿಲ್ಲ. "ನಾನು ಹದಿನೈದು ದಿನ ಅಲ್ಲಿ ಕೂತರೆ ದೊಡ್ಡವಳನ್ನ ನೋಡೋರು ಯಾರು ಸ್ವಾಮಿ?" ಎಂದಳು. ತಂಗುವ ದಿನಗಳಿಗೆ ಕೂಲಿಯ ಬದಲಿಗೆ ಹಣ ಸಿಗುತ್ತದೆಂದು ತಿಳಿಸಿದೆವು. ಆದರೂ ಅವಳ ಪ್ರಶ್ನೆಗೆ ನನ್ನ ಔಷಧಿ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ಊರಿನ ಮಹಿಳಾ ಸಂಘದವರು. ದೊಡ್ಡ ಹುಡುಗಿಯನ್ನು ಒಬ್ಬರು ತಮ್ಮ ಮನೆಯಲ್ಲಿರಿಸಿಕೊಂಡರು. ಸಂಘದ ಉಳಿತಾಯದಿಂದ ಪ್ರಯಾಣದ ವೆಚ್ಚ ಕೊಟ್ಟರು. ಮಗು ಚೇತರಿಸಿಕೊಂಡಿತು. ಸಂಘಕ್ಕೆ ತಗುಲಿದ ಖರ್ಚು ಆ ಕಮಾನಿನ ಬಣ್ಣಕ್ಕಿಂತ ಕಡಿಮೆ. ಆ ಉದ್ಘಾಟನೆಯ ದಿನ ಗುಡಿಸಲುಗಳ ಕಡೆ ನಾನೂ ಕಣ್ಣು ಹಾಯಿಸಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

4. ಹಣ ಕೊಡುವ ಮುನ್ನ

ಮೊದಲು ಕೇಳಬೇಕಾದ ಪ್ರಶ್ನೆ "ಕೇಂದ್ರಕ್ಕೆ ಏನು ಬೇಕು?" ಎಂಬುದಲ್ಲ, "ಯಾವ ಮಗು ಬರುತ್ತಿಲ್ಲ, ಏಕೆ?" ಎಂಬುದು. ವಲಸೆ ಬಂದ ಕೂಲಿಗಾರರ ಮಕ್ಕಳು, ಊರಾಚೆಯ ಕೇರಿಯ ಮಕ್ಕಳು, ಅಂಗವೈಕಲ್ಯವಿರುವ ಮಕ್ಕಳು, ತಾಯಿಯಿಲ್ಲದೆ ಅಜ್ಜಿಯ ಬಳಿ ಬೆಳೆಯುವ ಮಕ್ಕಳು, ಇವರ ಪಟ್ಟಿಯನ್ನು ಕಾರ್ಯಕರ್ತೆಯೊಡನೆ ಕುಳಿತು ತಯಾರಿಸಿರಿ. ಕಾರಣ ತಿಳಿದರೆ ವೆಚ್ಚದ ದಾರಿ ತಾನಾಗಿ ತೋರುತ್ತದೆ. ದೂರವೇ ಕಾರಣವಾದರೆ ಮಕ್ಕಳನ್ನು ಕರೆತರುವ ಒಬ್ಬ ಹೆಂಗಸಿಗೆ ಕೂಲಿ. ಭೇದಿ ಕಾರಣವಾದರೆ ಶುದ್ಧ ನೀರು ಮತ್ತು ಶೌಚಾಲಯ. ತೂಕದ ಯಂತ್ರ ಕೆಟ್ಟಿದ್ದರೆ ಅದರ ದುರಸ್ತಿ.

ಒಂದು ಜನವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಬೇಡಿಕೆ ಸಲ್ಲಿಸಿದ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಆದೇಶಿಸಿತು. ಇಂಥ ಕಡೆ ದಾನಕ್ಕಿಂತ ಒಂದು ಅರ್ಜಿಯೇ ಹೆಚ್ಚು ಫಲ ಕೊಡಬಲ್ಲದು. ಉದ್ಯೋಗ ಖಾತರಿಯ ಕೂಲಿಕಾರರ ಎಳೆಯ ಮಕ್ಕಳಿಗಾಗಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವ ಯೋಜನೆಯನ್ನು 2023ರಲ್ಲಿ ಘೋಷಿಸಲಾಯಿತು. ನಿಮ್ಮ ಪಂಚಾಯಿತಿಯಲ್ಲಿ ಅದರ ಸ್ಥಿತಿಯೇನೆಂದು ವಿಚಾರಿಸಿರಿ.

ಹಣವನ್ನು ಯಾರ ಕೈಗೂ ರಸೀದಿಯಿಲ್ಲದೆ ಕೊಡಬೇಡಿ. ಬಾಲವಿಕಾಸ ಸಮಿತಿಯ ಮೂಲಕ ಕೊಟ್ಟು, ಖರ್ಚಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸಿರಿ. ಹಾಲಿನ ಪುಡಿ ಡಬ್ಬಿಯನ್ನಾಗಲಿ ಹಾಲೂಡಿಸುವ ಬಾಟಲಿಯನ್ನಾಗಲಿ ದಾನ ಮಾಡಬೇಡಿ. ತೊಳೆಯದ ಬಾಟಲಿ ಭೇದಿಗೆ ಹೆದ್ದಾರಿ. ಮೇಲಾಗಿ 1992ರ ಕಾಯಿದೆಯು ಅನಾಥಾಲಯಗಳನ್ನುಳಿದು ಬೇರೆಡೆ ಇಂಥ ದಾನವನ್ನು ನಿಷೇಧಿಸಿದೆ. ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲೊಂದೇ ಸಾಕು.

5. ಏಕೆ ಇಷ್ಟು ಅವಸರ?

ಗರ್ಭದ 270 ದಿನಗಳು ಮತ್ತು ಅನಂತರದ ಎರಡು ವರ್ಷಗಳ 730 ದಿನಗಳು ಸೇರಿ 1,000 ದಿನ. ಮಿದುಳು ಅತಿ ವೇಗವಾಗಿ ಬೆಳೆಯುವುದು ಈ ಅವಧಿಯಲ್ಲಿ. ಆಗ ಕುಗ್ಗಿದ ಬೆಳವಣಿಗೆಯನ್ನು ಮುಂದೆ ಪೂರ್ತಿಯಾಗಿ ತುಂಬಿಕೊಡುವುದು ಕಷ್ಟ. ಶಾಲೆಯ ಕಟ್ಟಡವನ್ನು ಮುಂದಿನ ವರ್ಷ ಕಟ್ಟಬಹುದು. ಹದಿನಾಲ್ಕು ತಿಂಗಳ ಮಗು ಮುಂದಿನ ವರ್ಷದವರೆಗೆ ಕಾಯಲಾರದು.

ನೆನಪಿಡಿ

• ಬಾರದ ಮಗುವನ್ನು ಮೊದಲು ಹುಡುಕಿ. ಹಣದ ಮಾತು ಆಮೇಲೆ.
• ಸರ್ಕಾರ ಕೊಡಬೇಕಾದುದನ್ನು ಕೇಳಿ ಪಡೆಯಿರಿ. ಉಳಿದ ಅಂತರವನ್ನು ಊರಿನಿಂದ ತುಂಬಿರಿ.
• ಪ್ರತಿ ತಿಂಗಳೂ ಮಗುವಿನ ತೂಕ ನೋಡಿಸಿರಿ. ರಟ್ಟೆಯ ಅಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.
• ರಸೀದಿ ಪಡೆಯಿರಿ. ಲೆಕ್ಕವನ್ನು ಗ್ರಾಮಸಭೆಗೆ ಒಪ್ಪಿಸಿರಿ.

ಮುಂದಿನ ಬಾರಿ ಅಂಗನವಾಡಿಯ ಮುಂದೆ ಹಾದುಹೋಗುವಾಗ ಒಳಗೆ ಹೋಗಿ ಹಾಜರಿ ಪುಸ್ತಕವನ್ನೊಮ್ಮೆ ನೋಡಿರಿ. ಅದರಲ್ಲಿ ಇಲ್ಲದ ಹೆಸರು ಯಾವುದೆಂದು ಕೇಳಿರಿ. ನಿಮ್ಮ ನೆರವು ಅಲ್ಲಿಂದ ಆರಂಭವಾಗಲಿ.