ಪುಣೆ ಕ್ಯಾಂಪಿನ ‘ಲಾಲ್ ದೇವಳ’ ಮತ್ತು ಸಸೂನ್ ಮನೆತನ

ವಿಷಯ: ಸಮಾಜ ಮತ್ತು ಅಸ್ಮಿತೆ

ಧರ್ಮ, ನೆಲೆ, ಕಾಲ ಮೂರೂ ಸೇರಿ ಮನುಷ್ಯನ ಬದುಕನ್ನು ರೂಪಿಸುತ್ತವೆ. ಸಸೂನ್ ಮನೆತನ ಇದಕ್ಕೆ ಒಳ್ಳೆಯ ಉದಾಹರಣೆ.

• ಡೇವಿಡ್ ಸಸೂನ್ (1792–1864): ಬಾಗ್ದಾದಿನ ಯಹೂದಿ. ಅಲ್ಲಿನ ಆಡಳಿತದ ಕಿರುಕುಳದಿಂದ ಊರು ಬಿಟ್ಟು 1832ರ ಹೊತ್ತಿಗೆ ಮುಂಬಯಿಗೆ ಬಂದರು.

• ಸಂಪತ್ತಿನ ಮೂಲ: ಹತ್ತಿ ಮತ್ತು ಅಫೀಮು ವ್ಯಾಪಾರ.

• 1853: ಡೇವಿಡ್ ಬ್ರಿಟಿಷ್ ಪೌರತ್ವ ಪಡೆದರೂ ಅರಬ್ ಉಡುಪು ಬಿಡಲಿಲ್ಲ.

• ಓಹೆಲ್ ಡೇವಿಡ್ ಸಿನಗಾಗ್ (1867): ಪುಣೆ ಕ್ಯಾಂಪಿನಲ್ಲಿ ಸಸೂನ್ ಮನೆತನ ಕಟ್ಟಿಸಿದ ಯಹೂದಿಗಳ ಪ್ರಾರ್ಥನಾ ಮಂದಿರ. ಕೆಂಪು ಇಟ್ಟಿಗೆ, ಗಡಿಯಾರವಿರುವ ಎತ್ತರದ ಗೋಪುರ. ದೂರದಿಂದ ಚರ್ಚಿನಂತೆಯೇ ಕಾಣುತ್ತದೆ. ಸ್ಥಳೀಯರಿಗೆ ಇದು ‘ಲಾಲ್ ದೇವಳ’ (ಕೆಂಪು ದೇಗುಲ). ಆವರಣದಲ್ಲೇ ಡೇವಿಡ್ ಸಮಾಧಿಯಿದೆ.

• ಸೀಗ್‌ಫ್ರೀಡ್ ಸಸೂನ್ (1886–1967): ಡೇವಿಡ್ ಅವರ ಮರಿಮೊಮ್ಮಗ, ಮೊದಲ ಮಹಾಯುದ್ಧದ ಇಂಗ್ಲಿಷ್ ಕವಿ. 1957ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದರು.

ನೆನಪಿಡಿ: ಅಸ್ಮಿತೆ ಹುಟ್ಟಿನಿಂದ ಬರುತ್ತದೆ, ಆದರೆ ನಿಂತ ನೀರಲ್ಲ, ತಲೆಮಾರುಗಳ ಜೊತೆ ಬದಲಾಗುತ್ತದೆ.