ಎಲೆ ನೋಡಲು ಹೊರಟವರಿಗೆ

ಫಿನ್ಲೆಂಡಿನ ಶರತ್ಕಾಲ ನೋಡಬೇಕೆಂದಿದ್ದರೆ ದಸರಾ ರಜೆಗೆ ಕಾಯಬೇಡಿ. ಉತ್ತರದ ಲ್ಯಾಪ್‌ಲ್ಯಾಂಡಿನಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ನಡುವಿಗೇ ಬಣ್ಣ ಏರಿರುತ್ತದೆ. ಒಂದು ಜೋರು ಗಾಳಿ ಬೀಸಿದರೆ ಮರ ಬೋಳು. ತಡವಾಯಿತೆನ್ನಿ, ಹೆಲ್ಸಿಂಕಿಯ ಸುತ್ತಲೇ ಇರಿ, ಅಲ್ಲಿ ಮೇಪಲ್ ಮರಗಳು ತಿಂಗಳ ಕೊನೆಗೆ ರಂಗೇರುತ್ತವೆ.

ಲ್ಯಾಪ್‌ಲ್ಯಾಂಡಿನಲ್ಲಿ ಮಾತ್ರ ತಲೆಯೆತ್ತಿಕೊಂಡೇ ನಡೆಯಬೇಡಿ. ಬರ್ಚ್ ಮರ ಹಳದಿ, ನಿಜ. ಆದರೆ ಕೆಂಪಿನ ಸೊಗಸೆಲ್ಲ ಇರುವುದು ಕಾಲಬುಡದಲ್ಲಿ, ಮೊಣಕಾಲೆತ್ತರವೂ ಇಲ್ಲದ ಕಾಡುಬ್ಲೂಬೆರಿ ಪೊದೆಗಳಲ್ಲಿ. ಪಕ್ಕದಲ್ಲೇ ಲಿಂಗನ್‌ಬೆರಿ ಹಣ್ಣಾಗಿರುತ್ತದೆ, ಕಿತ್ತು ತಿನ್ನಿ. ಕಾಡು ಯಾರದೇ ಇರಲಿ, ಮನೆಯಂಗಳ ಬಿಟ್ಟರೆ ಸಾಮಾನ್ಯವಾಗಿ ಕಾನೂನಿನ ಅಡ್ಡಿಯಿಲ್ಲ. (ಭಾರಿ ಹುಳಿ, ಉಪ್ಪುಖಾರ ಜೇಬಿನಲ್ಲಿರಲಿ.)

ಕಾರು ನಿಧಾನವಾಗಿ ಓಡಿಸಿ, ಹಿಮಸಾರಂಗಗಳು ರಸ್ತೆಗೇ ಬರುತ್ತವೆ. ಹಳೆಯ ಕ್ಯಾಮೆರಾ ನಡೆಯುತ್ತದೆ, ನೀರಿಳಿಯುವ ಬೂಟು ಖಂಡಿತ ನಡೆಯದು.